ಬಿರುಕು ಬಿಟ್ಟ ಪ್ಲಾಸ್ಟಿಕ್ ಗಂಜಲದ ಟ್ಯಾಂಕಿನ ದುರಸ್ತಿ

ಕೊಟ್ಟಿಗೆಯ ಗಂಜಲ ಮತ್ತು ಗೋಬರ್ ಅನಿಲ ಸ್ಥಾವರದ ಬಗ್ಗಡವನ್ನು ಕೂಡಿಡಲು ಹಿಂದೆ ಕಲ್ಲು ಅಥವಾ ಸಿಮೆಂಟಿನ ತೊಟ್ಟಿಗಳನ್ನು ಕಟ್ಟುತ್ತಿದ್ದರು. ಈಗ ಹಲವು ರೈತರು 500 ಅಥವಾ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಬಳಸುತ್ತಿದ್ದಾರೆ. ಇವು ಹಗುರ, ತುಕ್ಕು ಹಿಡಿಯುವುದಿಲ್ಲ, ಬೇಕಾದ ಕಡೆಗೆ ಸಾಗಿಸಬಹುದು. ಆದರೆ ಕೆಲವು ವರ್ಷಗಳ ನಂತರ ತಳದಲ್ಲಿ ಅಥವಾ ನಲ್ಲಿ ಕೂಡಿಸಿದ ಜಾಗದಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುವುದು ಸಾಮಾನ್ಯ. ಆರಂಭದಲ್ಲಿ ಜಿನುಗುವ ನಾಲ್ಕು ಹನಿಗಳನ್ನು ಯಾರೂ ಲೆಕ್ಕಿಸುವುದಿಲ್ಲ.

ಆದರೆ ಈ ನಷ್ಟ ಸಣ್ಣದಲ್ಲ. ಹಸುವಿನ ಗಂಜಲದಲ್ಲಿ ಸುಮಾರು ಶೇಕಡ 1ರಷ್ಟು ಸಾರಜನಕವಿರುತ್ತದೆ. 1000 ಲೀಟರ್ ಗಂಜಲ ಸೋರಿ ಹೋದರೆ ಸುಮಾರು 10 ಕಿಲೋ ಸಾರಜನಕ, ಅಂದರೆ 45 ಕಿಲೋ ತೂಕದ ಯೂರಿಯಾ ಚೀಲದ ಹತ್ತಿರ ಹತ್ತಿರ ಅರ್ಧದಷ್ಟು ಮಣ್ಣುಪಾಲಾದಂತೆ. ಒಂದೇ ಕಡೆ ಇಂಗಿದ ಈ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಟ್ಟು, ಹತ್ತಿರದ ಬಾವಿಯ ನೀರನ್ನೂ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಿನ ನೈಟ್ರೇಟ್ ಎಳೆಯ ಮಕ್ಕಳಿಗೆ ಅಪಾಯಕಾರಿ. ಆದುದರಿಂದ ಬಿರುಕು ಕಂಡ ಕೂಡಲೇ ದುರಸ್ತಿ ಮಾಡುವುದು ಲೇಸು.

ಮೇಣ, ಅಂಟು ಏಕೆ ನಿಲ್ಲುವುದಿಲ್ಲ?

ಒಂದು ಹಳ್ಳಿಯಲ್ಲಿ ರೈತರೊಬ್ಬರು ತಮ್ಮ ಟ್ಯಾಂಕಿನ ಬಿರುಕಿಗೆ ಮೂರು ಸಲ ಪೈಪಿಗೆ ಹಚ್ಚುವ ಮೇಣವನ್ನು ಮೆತ್ತಿದ್ದರು. ಮೂರು ಸಲವೂ ಅದು ಹದಿನೈದು ದಿನಗಳಲ್ಲಿ ಬಿಲ್ಲೆಯಂತೆ ಕಳಚಿ ಬಿದ್ದಿತು. ಮೇಣ ಕಳಪೆಯೆಂದು ಅವರು ಭಾವಿಸಿದ್ದರು. ಮೇಣದಲ್ಲಿ ದೋಷವಿರಲಿಲ್ಲ, ಅದನ್ನು ಹಚ್ಚಿದ ವಸ್ತು ಅಂಟನ್ನು ಹಿಡಿಯುವಂಥದ್ದಲ್ಲ.

ಈ ಟ್ಯಾಂಕುಗಳನ್ನು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ತಯಾರಿಸುತ್ತಾರೆ. ಇದರ ಮೇಲ್ಮೈ ಮೇಣದಬತ್ತಿಯಂತೆ ಜಾರುವ ಗುಣವುಳ್ಳದ್ದು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಇದರ ಮೇಲೆ ಸಾಮಾನ್ಯ ಅಂಟುಗಳು ನಿಲ್ಲುವುದಿಲ್ಲ. ಪಿ.ವಿ.ಸಿ. ಪೈಪಿಗೆ ಹಚ್ಚುವ ದ್ರಾವಣ ಪಿ.ವಿ.ಸಿ.ಯನ್ನು ಸ್ವಲ್ಪ ಕರಗಿಸಿ ಬೆಸೆಯುತ್ತದೆ. ಪಾಲಿಎಥಿಲೀನನ್ನು ಅದು ಕರಗಿಸಲಾರದು. ಹೀಗಾಗಿ ಈ ಟ್ಯಾಂಕಿನ ಬಿರುಕನ್ನು ಖಾಯಂ ಆಗಿ ಮುಚ್ಚಲು ಇರುವ ಮಾರ್ಗ ಒಂದೇ: ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಯಿಂದ ಕರಗಿಸಿ ಬೆಸುಗೆ ಹಾಕುವುದು.

ಬಿರುಕಿನ ಕಾರಣಗಳು

ಕಾರಣವನ್ನು ನಿವಾರಿಸದೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತದೆ. ಮುಖ್ಯ ಕಾರಣಗಳು ನಾಲ್ಕು.

1. ಸಮತಟ್ಟಿಲ್ಲದ ತಳಪಾಯ: ತುಂಬಿದ 1000 ಲೀಟರಿನ ಟ್ಯಾಂಕು ಒಂದು ಟನ್ನಿಗೂ ಹೆಚ್ಚು ಭಾರವಿರುತ್ತದೆ. ತಳದಡಿ ಒಂದು ಕಲ್ಲು ಎದ್ದಿದ್ದರೂ ಭಾರವೆಲ್ಲ ಆ ಜಾಗದ ಮೇಲೆ ಬೀಳುತ್ತದೆ. ಮೇಲೆ ಹೇಳಿದ ರೈತರ ಟ್ಯಾಂಕಿನಡಿ ಮುಷ್ಟಿ ಗಾತ್ರದ ಜಲ್ಲಿಕಲ್ಲೊಂದು ಇತ್ತು. ಬಿರುಕು ಸರಿಯಾಗಿ ಅದರ ಮೇಲೆಯೇ ಎದ್ದಿತ್ತು.

2. ಪೈಪಿನ ಎಳೆತ: 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಏರುಪೇರಿಗೆ ಒಂದು ಮೀಟರ್ ಪಾಲಿಎಥಿಲೀನ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಕಬ್ಬಿಣ ಅರ್ಧ ಮಿ.ಮೀ. ಸಹ ಹಿಗ್ಗುವುದಿಲ್ಲ. ಟ್ಯಾಂಕಿಗೆ ಕಬ್ಬಿಣದ ಪೈಪನ್ನು ಬಿಗಿಯಾಗಿ ಕೂಡಿಸಿದರೆ ಪ್ರತಿ ಹಗಲು ರಾತ್ರಿ ನಲ್ಲಿಯ ಸುತ್ತಲಿನ ಗೋಡೆ ಜಗ್ಗಾಟಕ್ಕೆ ಸಿಕ್ಕಿ ಸೀಳುತ್ತದೆ.

3. ಬಿಸಿಲು: ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತವೆ. ಕಪ್ಪು ಟ್ಯಾಂಕಿನಲ್ಲಿ ಬೆರೆಸಿರುವ ಇಂಗಾಲದ ಪುಡಿ ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆಯಾದರೂ ನೆರಳಿನಲ್ಲಿಟ್ಟ ಟ್ಯಾಂಕಿನ ಆಯುಸ್ಸು ಹೆಚ್ಚು.

4. ಸಾಬೂನು ಮತ್ತು ಔಷಧಿಗಳು: ಒತ್ತಡದಲ್ಲಿರುವ ಪಾಲಿಎಥಿಲೀನಿಗೆ ಸಾಬೂನಿನ ದ್ರಾವಣ ಅಥವಾ ಕೀಟನಾಶಕಗಳಲ್ಲಿ ಬೆರೆಸುವ ಎಣ್ಣೆ ಕದಡುವ ವಸ್ತುಗಳು ಬಹುಕಾಲ ತಗುಲಿದರೆ ಬಿರುಕು ಬೇಗ ಹಬ್ಬುತ್ತದೆ. ಕೊಟ್ಟಿಗೆ ತೊಳೆದ ಸಾಬೂನು ನೀರನ್ನು ಗಂಜಲದ ಟ್ಯಾಂಕಿಗೆ ಬಿಡಬಾರದು.

ಮೊದಲು ಪ್ರಾಣ, ನಂತರ ಟ್ಯಾಂಕು

ಈ ಭಾಗವನ್ನು ರೈತ ಬಾಂಧವರು ಎರಡು ಸಲ ಓದಬೇಕೆಂದು ಕೋರುತ್ತೇನೆ. ಮುಚ್ಚಿದ ಟ್ಯಾಂಕಿನಲ್ಲಿ ಸಗಣಿ, ಗಂಜಲ ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಉತ್ಪತ್ತಿಯಾಗುತ್ತವೆ. ಮೀಥೇನ್ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ ವಿಷಾನಿಲ, ತಳದಲ್ಲಿ ಕುಳಿತಿರುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ‘ವಾಸನೆ ಹೋಗಿದೆ, ಇನ್ನು ಇಳಿಯಬಹುದು’ ಎಂಬ ಮಾತು ಪ್ರಾಣಕ್ಕೆ ಎರವಾಗುತ್ತದೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು, ಇಬ್ಬರೂ ಸಾಯುವುದು ಇಂತಹ ಅವಘಡಗಳಲ್ಲಿ ಪದೇ ಪದೇ ಕಂಡುಬರುವ ಸಂಗತಿ.

ಈ ಕಾರಣಗಳಿಂದ ಕೆಳಗಿನ ಕಟ್ಟಳೆಗಳನ್ನು ಮೀರಬಾರದು:

• ದುರಸ್ತಿಗಾಗಿ ಯಾರೂ ಟ್ಯಾಂಕಿನೊಳಗೆ ಇಳಿಯಬಾರದು, ತಲೆಯನ್ನೂ ಹಾಕಬಾರದು. ಕೂಲಿಯಾಳನ್ನೂ ಇಳಿಸಬಾರದು. ಕೆಲಸವೆಲ್ಲ ಹೊರಗಿನಿಂದಲೇ ನಡೆಯಬೇಕು.
• ಅಕಸ್ಮಾತ್ ಯಾರಾದರೂ ಒಳಗೆ ಬಿದ್ದರೆ ಬರಿಮೈಯಲ್ಲಿ ಹಿಂದೆಯೇ ಇಳಿಯದೆ, 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.
• ತೊಳೆದು ಗಾಳಿಯಾಡಿಸುವ ಮುನ್ನ ಹತ್ತಿರದಲ್ಲಿ ಬೀಡಿ, ಬೆಂಕಿ, ವಿದ್ಯುತ್ ಸಾಧನಗಳನ್ನು ಬಳಸಬಾರದು.

ದುರಸ್ತಿಯ ಕ್ರಮ

ಬೇಕಾಗುವ ಸಾಮಗ್ರಿಗಳು: ಉಷ್ಣತೆ ಹೊಂದಿಸಬಲ್ಲ ಬಿಸಿಗಾಳಿ ಗನ್ನು ಮತ್ತು ಅದಕ್ಕೆ ಹೊಂದುವ ಕಿರಿದಾದ ಮೂತಿ, ಡ್ರಿಲ್, ಹರಿತವಾದ ಚಾಕು, ಉಪ್ಪು ಕಾಗದ, ಸ್ಪಿರಿಟ್, ಚರ್ಮದ ಕೈಚೀಲ, ಮತ್ತು ಪಾಲಿಎಥಿಲೀನ್ ಬೆಸುಗೆ ಕಡ್ಡಿ. ಗನ್ನು ಕೊಳ್ಳಬೇಕೆಂದಿಲ್ಲ. ನೀರಾವರಿ ಪೈಪು ಅಥವಾ ವಾಹನದ ಬಂಪರ್ ಬೆಸೆಯುವವರ ಬಳಿ ಇರುತ್ತದೆ. ಬಾಡಿಗೆಗೆ ತರಬಹುದು ಅಥವಾ ಅವರನ್ನೇ ಕರೆಸಬಹುದು.

1. ಖಾಲಿ ಮಾಡುವುದು: ಉಳಿದ ಗಂಜಲವನ್ನು ನೀರಿನೊಂದಿಗೆ ಬೆರೆಸಿ ಹೊಲಕ್ಕೆ ಹರಿಸಬೇಕು. ತಳದ ಗಸಿಯನ್ನು ಉದ್ದ ಹಿಡಿಯ ಗೋರೆಯಿಂದ ಎಳೆದು ತೆಗೆಯಬೇಕು. ಮೂರು ಸಲ ನೀರು ಹಾಕಿ ತೊಳೆದು, ಮುಚ್ಚಳ ಮತ್ತು ನಲ್ಲಿ ಬಿಚ್ಚಿ, ಟ್ಯಾಂಕನ್ನು ಬಯಲಿನಲ್ಲಿ ಮಗ್ಗುಲಾಗಿ ಮಲಗಿಸಿ ಒಂದು ಪೂರ್ಣ ದಿನ ಗಾಳಿಯಾಡಲು ಬಿಡಬೇಕು.

2. ಪ್ಲಾಸ್ಟಿಕ್ಕನ್ನು ಗುರುತಿಸುವುದು: ಮುಚ್ಚಳದ ಅಂಚಿನಿಂದ ಉಗುರಿನಷ್ಟು ಚೂರು ಕೆತ್ತಿ ನೀರಿಗೆ ಹಾಕಬೇಕು. ಪಾಲಿಎಥಿಲೀನ್ ತೇಲುತ್ತದೆ, ಪಿ.ವಿ.ಸಿ. ಮುಳುಗುತ್ತದೆ. ಪಾಲಿಪ್ರೊಪಿಲೀನ್ ಸಹ ತೇಲುತ್ತದೆ, ಆದರೆ ಅದರ ಕಡ್ಡಿ ಪಾಲಿಎಥಿಲೀನಿನೊಂದಿಗೆ ಬೆಸೆಯುವುದಿಲ್ಲ. ಆದುದರಿಂದ ಕಡ್ಡಿಯ ತುಂಡನ್ನು ಮುಚ್ಚಳದ ಮೇಲೆ ಬೆಸೆದು, ತಣಿದ ನಂತರ ಇಕ್ಕಳದಿಂದ ಎಳೆದು ನೋಡಬೇಕು. ಸಿಪ್ಪೆಯಂತೆ ಸುಲಿದು ಬಂದರೆ ಜಾತಿ ಬೇರೆ ಎಂದರ್ಥ. ಕಡ್ಡಿ ಸಿಗದಿದ್ದಲ್ಲಿ ಅದೇ ಟ್ಯಾಂಕಿನ ಮುಚ್ಚಳದ ಅಂಚಿನಿಂದ ಪೆನ್ಸಿಲ್ಲಿನ ಅರ್ಧ ದಪ್ಪದ ಪಟ್ಟಿಗಳನ್ನು ಕತ್ತರಿಸಿಕೊಳ್ಳಬಹುದು.

3. ಬಿರುಕನ್ನು ತಡೆಯುವುದು: ಬಿರುಕಿನ ಎರಡು ತುದಿಗಳನ್ನು ಗುರುತಿಸಿ, ಕಣ್ಣಿಗೆ ಕಾಣುವ ತುದಿಯಿಂದ ತುಸು ಮುಂದೆ 3ರಿಂದ 4 ಮಿ.ಮೀ. ರಂಧ್ರ ಕೊರೆಯಬೇಕು. ಬಿರುಕಿನ ಚೂಪಾದ ತುದಿಯಲ್ಲಿ ಎಳೆತವೆಲ್ಲ ಕೂಡಿರುತ್ತದೆ. ದುಂಡು ರಂಧ್ರ ಅದನ್ನು ಸುತ್ತಲೂ ಹಂಚಿ ಬಿರುಕು ಮುಂದೆ ಓಡದಂತೆ ತಡೆಯುತ್ತದೆ. ಈ ಹಂತವನ್ನು ಬಿಟ್ಟವರ ಬೆಸುಗೆ ಬಹುಕಾಲ ಬಾಳುವುದಿಲ್ಲ.

4. ಸಾಲು ತೆಗೆಯುವುದು: ಬಿರುಕಿನ ಉದ್ದಕ್ಕೂ ಚಾಕುವಿನಿಂದ ನೇಗಿಲ ಸಾಲಿನಂತೆ, ಮೇಲೆ ಅಗಲ, ಕೆಳಗೆ ಚೂಪಾಗುವಂತೆ ಕೆತ್ತಬೇಕು. ಆಳ ಗೋಡೆಯ ದಪ್ಪದ ಮೂರನೆಯ ಎರಡು ಭಾಗದಷ್ಟಿರಲಿ. ಸಾಲಿನ ಎರಡೂ ಬದಿಗೆ ಒಂದೊಂದು ಅಂಗುಲ ಅಗಲಕ್ಕೆ ಬಿಸಿಲಿಗೆ ಮಾಸಿದ ಮೇಲ್ಪದರವನ್ನು ಹೊಸ ಪ್ಲಾಸ್ಟಿಕ್ ಕಾಣುವವರೆಗೆ ಹೆರೆದು, ಉಪ್ಪು ಕಾಗದದಿಂದ ಉಜ್ಜಬೇಕು. ನಂತರ ಸ್ಪಿರಿಟ್ಟಿನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಗನ್ನು ಹಚ್ಚಬಾರದು. ಒದ್ದೆ ಅಥವಾ ಜಿಡ್ಡು ಉಳಿದರೆ ಬೆಸುಗೆ ಹಿಡಿಯದು.

5. ಬೆಸುಗೆ: ಪಾಲಿಎಥಿಲೀನ್ ಸುಮಾರು 120ರಿಂದ 135 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಗನ್ನಿನ ಮೂತಿಯ ಬಳಿ ಗಾಳಿ 250ರಿಂದ 300 ಡಿಗ್ರಿ ಇರಬೇಕಾಗುತ್ತದೆ. ಕಡ್ಡಿ ಮತ್ತು ಸಾಲು ಎರಡನ್ನೂ ಒಟ್ಟಿಗೆ ಕಾಯಿಸಬೇಕು. ಎರಡರ ಮೇಲ್ಮೈಯೂ ಬೆವರಿದಂತೆ ಹೊಳೆಯತೊಡಗಿದಾಗ ಕಡ್ಡಿಯನ್ನು ಸಾಲಿನೊಳಕ್ಕೆ ಒತ್ತುತ್ತ ನಿಧಾನವಾಗಿ ಮುಂದೆ ಸಾಗಬೇಕು. ಕಡ್ಡಿ ಮಾತ್ರ ಕರಗಿ ಗೋಡೆ ತಣ್ಣಗಿದ್ದರೆ ಅದು ಮೆತ್ತಿದ ಮೇಣಕ್ಕೆ ಸಮ. ಹೊಗೆ ಎದ್ದರೆ ಪ್ಲಾಸ್ಟಿಕ್ ಸುಡುತ್ತಿದೆ ಎಂದರ್ಥ, ಉಷ್ಣತೆ ಇಳಿಸಬೇಕು. ಕೊರೆದ ರಂಧ್ರಗಳನ್ನೂ ತುಂಬಿ, ಸಾಲಿನ ಮೇಲೆ ಎರಡನೆಯ ಪದರ ಹಾಕಬೇಕು. ಬೇಗ ತಣಿಯಲೆಂದು ನೀರು ಸುರಿಯಬಾರದು, ತಾನಾಗಿಯೇ ತಣಿಯಬೇಕು.

6. ಪರೀಕ್ಷೆ: ಮರುದಿನ ಟ್ಯಾಂಕನ್ನು ಅದರ ಸ್ಥಾನದಲ್ಲಿ ನಿಲ್ಲಿಸಿ ಬೆಸುಗೆಯ ಮೇಲೆ ಒಣ ಬೂದಿ ಉದುರಿಸಿ ಅಥವಾ ಸುಣ್ಣದ ಪುಡಿ ಸವರಿ, ಬರಿ ನೀರನ್ನು ಕಾಲು ಭಾಗ ತುಂಬಬೇಕು. ರಾತ್ರಿ ಕಳೆದ ಮೇಲೆ ಪುಡಿ ಒಣಗಿದ್ದರೆ ಅರ್ಧ, ಮರುದಿನ ಮುಕ್ಕಾಲು, ಹೀಗೆ ಏರಿಸಬೇಕು. ಬಿರುಕು ತಳದಲ್ಲಿದ್ದರೆ ತಳಪಾಯದ ಅಂಚಿನಲ್ಲಿ ತೇವ ಕಾಣುವುದೇ ಎಂದು ನೋಡಬೇಕು. ಪರೀಕ್ಷೆ ಮುಗಿಯದೆ ಗಂಜಲ ತುಂಬಬಾರದು.

ತಾತ್ಕಾಲಿಕ ತೇಪೆ

ಬಿತ್ತನೆಯ ಕಾಲದಲ್ಲಿ ಬೆಸುಗೆಯವರು ಸಿಗದೆ ಹೋಗಬಹುದು. ಆಗ ಖಾಲಿ ಮಾಡಿ ಗಾಳಿಯಾಡಿಸಿದ ಟ್ಯಾಂಕಿನ ಬಿರುಕಿನ ತುದಿಗಳಲ್ಲಿ ರಂಧ್ರ ಕೊರೆದು, ಒಳಗೂ ಹೊರಗೂ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಹಾಳೆ ಮತ್ತು ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳನ್ನಿಟ್ಟು, ತುಕ್ಕು ಹಿಡಿಯದ ಬೋಲ್ಟುಗಳಿಂದ ಬಿಗಿಯಬಹುದು. ಮುಚ್ಚಳದ ಅಥವಾ ನಲ್ಲಿಯ ಬಾಯಿಂದ ಕೈ ಮಾತ್ರ ಒಳಗೆ ಹೋಗಿ ನಿಲುಕುವ ಜಾಗಕ್ಕಷ್ಟೇ ಈ ಕ್ರಮ ಸೂಕ್ತ. ಸುಗ್ಗಿಯೊಳಗೆ ಖಾಯಂ ಬೆಸುಗೆ ಹಾಕಿಸಬೇಕು.

ದುರಸ್ತಿ ಮಾಡಬಾರದ ಟ್ಯಾಂಕುಗಳು

• ಮೈಯೆಲ್ಲ ಸುಣ್ಣದಂತೆ ಪುಡಿ ಬಿಡುತ್ತಿರುವ, ಕೂದಲೆಳೆಯಂಥ ಬಿರುಕುಗಳು ಹರಡಿರುವ ಟ್ಯಾಂಕು. ಇದರ ಪ್ಲಾಸ್ಟಿಕ್ ಸತ್ತಿದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ.
• ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಗೇಣಿಗಿಂತ ಉದ್ದ ಸೀಳಿದ ಟ್ಯಾಂಕು.
• ಕೀಟನಾಶಕ ತುಂಬಿದ್ದ ಟ್ಯಾಂಕು. ಕಾಯಿಸಿದಾಗ ವಿಷದ ಆವಿ ಏಳುತ್ತದೆ.

ದುರಸ್ತಿಯಾದ ಗಂಜಲದ ಟ್ಯಾಂಕನ್ನು ಎಂದಿಗೂ ಮನೆಯ ನೀರಿಗೆ ಬಳಸಬಾರದು. ಎತ್ತರದ ಅಟ್ಟಣೆಯ ಮೇಲೂ ಇಡಬಾರದು.

ಮತ್ತೆ ಬಿರುಕು ಬಾರದಂತೆ

ಟ್ಯಾಂಕಿನ ತಳಕ್ಕಿಂತ ಸುತ್ತಲೂ ಅರ್ಧ ಅಡಿ ಹೆಚ್ಚು ಅಗಲವಾದ, ಸಮತಟ್ಟಾದ ಕಾಂಕ್ರೀಟ್ ಅಥವಾ ಚಪ್ಪಡಿ ಕಟ್ಟೆ ಇರಬೇಕು. ಬಿದಿರು ಗಳುಗಳ ಅಥವಾ ಬಿಡಿ ಇಟ್ಟಿಗೆಗಳ ಮೇಲೆ ಇಡಬಾರದು. ನಲ್ಲಿ ಕೂಡಿಸುವಾಗ ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್ ಹಾಕಿ, ವಾಷರ್ ಕೂರುವಷ್ಟೇ ಬಿಗಿಯಬೇಕು. ಭಾರದ ವಾಲ್ವನ್ನು ಪ್ರತ್ಯೇಕ ಗೂಟಕ್ಕೆ ಕಟ್ಟಿ, ನಡುವೆ ಒಂದು ಮೊಳ ಬಾಗುವ ರಬ್ಬರ್ ಕೊಳವೆ ಜೋಡಿಸಿದರೆ ಎಳೆತ ಟ್ಯಾಂಕಿಗೆ ತಟ್ಟುವುದಿಲ್ಲ. ಮೇಲೆ ತೆಂಗಿನ ಗರಿಯ ಚಪ್ಪರ ಹಾಕಬೇಕು. ಇದರಿಂದ ಟ್ಯಾಂಕಿನ ಬಾಳಿಕೆ ಹೆಚ್ಚುವುದಲ್ಲದೆ, ಗಂಜಲ ತಂಪಾಗಿದ್ದು ಸಾರಜನಕ ಅಮೋನಿಯಾ ಆಗಿ ಹಾರಿಹೋಗುವುದೂ ಕಡಿಮೆಯಾಗುತ್ತದೆ.

ಮೇಲೆ ಹೇಳಿದ ರೈತರು ಕಲ್ಲನ್ನು ತೆಗೆದು, ಕಟ್ಟೆಯನ್ನು ಸಮ ಮಾಡಿ, ನಾಲ್ಕನೆಯ ಸಲ ಬೆಸುಗೆ ಹಾಕಿಸಿದರು. ಅನಂತರ ಅವರ ಟ್ಯಾಂಕು ಸೋರಲಿಲ್ಲ. ರೈತ ಬಾಂಧವರು ಮಳೆಗಾಲಕ್ಕೆ ಮುಂಚೆ ಒಂದು ದಿನ ತಮ್ಮ ಟ್ಯಾಂಕಿನ ತಳ, ನಲ್ಲಿಯ ಸುತ್ತ ಮತ್ತು ಕಟ್ಟೆಯನ್ನು ಪರೀಕ್ಷಿಸಿ, ಬಿರುಕು ಬೆರಳುದ್ದ ಇರುವಾಗಲೇ ಸರಿಪಡಿಸಿಕೊಂಡರೆ ಗೊಬ್ಬರವೂ ಉಳಿಯುತ್ತದೆ, ಬಾವಿಯ ನೀರೂ ಶುದ್ಧವಾಗಿರುತ್ತದೆ.