ಆಫೀಸಿಗೆ ಸೈಕಲ್‌ನಲ್ಲಿ ಹೋಗುವಾಸೆ, ಧೈರ್ಯ ಸಾಲುತ್ತಿಲ್ಲ

ನನಗೆ 41 ವರ್ಷ. ಮನೆ ಕುವೆಂಪುನಗರದಲ್ಲಿ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ. ಮಗ ಹಾಸ್ಟೆಲ್ ಸೇರಿದ್ದರಿಂದ ಅವನ ಗೇರ್ ಸೈಕಲ್ ಸುಮ್ಮನೆ ನಿಂತಿದೆ. ಅದರಲ್ಲೇ ಆಫೀಸಿಗೆ ಹೋಗುವ ಆಸೆ. ಯಜಮಾನರು ‘ಆ ಟ್ರಾಫಿಕ್ಕಲ್ಲಿ ಬೇಡ’ ಅಂತಾರೆ. ಅತ್ತೆ ‘ಈ ವಯಸ್ಸಲ್ಲಿ ನೋಡಿದವರು ಏನಂದಾರು’ ಅಂತಾರೆ. ಬೆವರಿಕೊಂಡು ಹೋಗಿ ಕೂರುವುದು ಹೇಗೆ ಅನ್ನುವುದು ನನ್ನ ಚಿಂತೆ.
– ಹೆಸರು ಬೇಡ, ಮೈಸೂರು

ಅತ್ತೆಯವರಿಗೆ ಒಂದು ಮಾತು ಹೇಳಿ. ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಂದು ಸೈಕಲ್ ತುಳಿದು ಶಾಲೆಗೆ ಹೋದ ಹುಡುಗಿಯರು ಇಂದು ಮೂವತ್ತು ದಾಟಿದ ಹೆಂಗಸರು. ಅವರಿಗೆ ಸಲ್ಲುವುದು ನಿಮಗೂ ಸಲ್ಲುತ್ತದೆ.

ಯಜಮಾನರ ಆತಂಕವನ್ನು ಮಾತ್ರ ತಳ್ಳಿಹಾಕಬೇಡಿ. ಅದಕ್ಕೆ ಉತ್ತರ ದಾರಿಯಲ್ಲಿದೆ. ಬಸ್ಸು ಹೋಗುವ ದಾರಿಯಲ್ಲೇ ಸೈಕಲ್ ಹೋಗಬೇಕೆಂದಿಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಗೋಕುಲಂ ಬಡಾವಣೆಗಳ ಒಳರಸ್ತೆ ಹಿಡಿಯಿರಿ. ಸ್ವಲ್ಪ ಸುತ್ತಾದರೂ ಮರದ ನೆರಳುಂಟು, ಲಾರಿ ಕಾಟ ಕಡಿಮೆ. ಹುಣಸೂರು ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಸಿಗ್ನಲ್ ಇರುವ ಕಡೆ ಇಳಿದು, ತಳ್ಳಿಕೊಂಡು ದಾಟಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಂದು ಭಾನುವಾರ ಬೆಳಗ್ಗೆ ಯಜಮಾನರನ್ನೂ ಸ್ಕೂಟರ್‌ನಲ್ಲಿ ಜೊತೆಗೆ ಕರೆದುಕೊಂಡು ಆಫೀಸ್ ಗೇಟಿನವರೆಗೆ ಹೋಗಿಬನ್ನಿ. ಕಣ್ಣಾರೆ ನೋಡಿದ ದಾರಿಯ ಬಗ್ಗೆ ಅವರ ಭಯವೂ ಇಳಿಯುತ್ತದೆ.

ಅದಕ್ಕೂ ಮೊದಲು ಸೈಕಲನ್ನು ಅಂಗಡಿಗೆ ಕೊಟ್ಟು ಗಾಳಿ, ಬ್ರೇಕ್ ರಬ್ಬರ್, ಚೈನ್ ನೋಡಿಸಿ. ಸೀಟಿನ ಎತ್ತರ ಬಹಳ ಮುಖ್ಯ. ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ತುಳಿಯುವುದು ಪಾದದ ಮುಂಭಾಗದಿಂದ. ಸೀಟು ತೀರಾ ತಗ್ಗಿದ್ದರೆ ವಾರದಲ್ಲೇ ಮಂಡಿ ನೋಯುತ್ತದೆ, ಜನ ವಯಸ್ಸನ್ನು ದೂರುತ್ತಾರೆ. ಏರಿನಲ್ಲಿ ಹಗುರ ಗೇರಿಗೆ ಬನ್ನಿ. ಹೆಲ್ಮೆಟ್, ಹಿಂದೆ ಕೆಂಪು ಲೈಟು ಇಲ್ಲದೆ ಹೊರಡಲೇಬೇಡಿ. ದುಪಟ್ಟಾ ಬ್ಯಾಗಿನಲ್ಲಿರಲಿ, ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು.

ರಸ್ತೆಯಲ್ಲಿ ಹೊಸಬರು ಹೆದರಿ ಚರಂಡಿ ಅಂಚಿಗೇ ಅಂಟಿಕೊಳ್ಳುತ್ತಾರೆ. ಕಸ, ಗಾಜಿನ ಚೂರು, ಚರಂಡಿಯ ಕಬ್ಬಿಣದ ಸರಳು ಎಲ್ಲ ಇರುವುದು ಅಲ್ಲೇ. ಅಂಚಿನಿಂದ ಎರಡಡಿಯಾದರೂ ಈಚೆ ಬನ್ನಿ. ನಿಂತ ಕಾರುಗಳ ಪಕ್ಕ ಹೋಗುವಾಗ ಬಾಗಿಲಿನಷ್ಟು ಜಾಗ ಬಿಡಿ. ಒಳಗಿದ್ದವರು ಹಿಂದೆ ನೋಡದೆ ಬಾಗಿಲು ತೆಗೆಯುತ್ತಾರೆ. ಸಿಗ್ನಲ್‌ನಲ್ಲಿ ಬಸ್ಸಿನ ಎಡಗಡೆ ನುಸುಳಬೇಡಿ. ಅದು ಎಡಕ್ಕೆ ತಿರುಗಿದರೆ ಚಾಲಕರಿಗೆ ನೀವು ಕಾಣುವುದಿಲ್ಲ.

ಬೆವರಿನ ವಿಷಯ: ಬ್ಯಾಗನ್ನು ಬೆನ್ನಿಗೆ ಹಾಕದೆ ಕ್ಯಾರಿಯರ್‌ಗೆ ಕಟ್ಟಿ. ಕೊನೆಯ ಐದು ನಿಮಿಷ ನಿಧಾನ ತುಳಿಯಿರಿ. ಅರ್ಧ ಗಂಟೆ ಮುಂಚೆ ತಲುಪಿ ಒದ್ದೆ ಟವೆಲ್‌ನಿಂದ ಒರೆಸಿಕೊಂಡು ಬಟ್ಟೆ ಬದಲಿಸಿದರೆ ಯಾರಿಗೂ ತಿಳಿಯದು. ಸೀರೆಯೇ ಉಡಬೇಕೆಂದರೆ ಒಂದನ್ನು ಆಫೀಸಿನಲ್ಲೇ ಇಟ್ಟಿರಿ.

ಮೊದಲ ತಿಂಗಳು ವಾರಕ್ಕೆರಡು ದಿನ ಸಾಕು. ಮಳೆ ಬಂದ ದಿನ ಬಸ್ಸಿಗೇ ಹೋಗಿ. ರಿಮ್ ನೆನೆದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಅದರ ಅಂದಾಜು ಕೈಗೆ ಸಿಗಲು ಕೆಲವು ವಾರ ಬೇಕು.