ಹಡಗು ಹತ್ತುವ ಮೊದಲು

ಕಾರವಾರ, ಅಂಕೋಲೆಯ ಹುಡುಗರಿಗೆ ಹಡಗಿನ ಕೆಲಸದ ಆಸೆ ಸಹಜ. ‘ಮರ್ಚೆಂಟ್ ನೇವಿ, ಕೈತುಂಬ ಸಂಬಳ, ಇವತ್ತೇ ದುಡ್ಡು ಕಟ್ಟಿ’ ಎಂಬ ಸಂದೇಶ ಮಗನ ಮೊಬೈಲಿಗೆ ಬಂತೆಂದುಕೊಳ್ಳಿ. ಅವ್ವನ ಬಂಗಾರ ಅಡವಿಡುವ ಮೊದಲು ಅರ್ಧ ಗಂಟೆ ಜೊತೆಗೆ ಕೂತು ಹುಡುಕಿ.

ಡಿಜಿ ಶಿಪ್ಪಿಂಗ್ ಎಂದು ಎಲ್ಲರೂ ಕರೆಯುವ ಕೇಂದ್ರ ನೌಕಾಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಎರಡು ಪಟ್ಟಿಗಳಿವೆ. ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳದ್ದು ಒಂದು. ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಪರವಾನಗಿ ಇರುವ ಏಜೆನ್ಸಿಗಳದ್ದು ಇನ್ನೊಂದು. ಹೆಸರು ಅಲ್ಲಿಲ್ಲವೇ? ಮಾತು ಅಲ್ಲಿಗೇ ನಿಲ್ಲಿಸಿ. ಪರವಾನಗಿ ಇದ್ದವರೂ ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ಹಣ ಪಡೆಯುವಂತಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿದೀತು.

ಐಟಿಐ ಮುಗಿಸಿದವರೇ, ಕಾರವಾರದ ನೌಕಾಪಡೆಯ ಹಡಗು ದುರಸ್ತಿ ಯಾರ್ಡ್ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಈಗಲೇ ಹೆಸರು ನೋಂದಾಯಿಸಿಡಿ. ಅದು ಸ್ಟೈಪೆಂಡ್ ಸಿಗುವ ತರಬೇತಿ, ಕಾಯಂ ನೌಕರಿಯಲ್ಲ. ಆದರೂ ಕಸುಬು ಕೈಗೆ ಹತ್ತುತ್ತದೆ, ಬಿಡಬೇಡಿ.

ಕೈಗಾ ಅಣು ವಿದ್ಯುತ್ ಸ್ಥಾವರದ ಹುದ್ದೆಗಳಿಗೆ ಅದನ್ನು ನಡೆಸುವ ನಿಗಮವಾದ ಎನ್‌ಪಿಸಿಐಎಲ್ ಬಳಸುವ ನೇಮಕಾತಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುವುದಿಲ್ಲ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತದೆ, ನಿಗಮದ ಮುಖ್ಯ ತಾಣದಿಂದಲೇ ಅಲ್ಲಿಗೆ ಹೋಗಿ.

ದುಡ್ಡು ಕಳೆದುಕೊಂಡಾಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.