ತೋಟದ ಮನೆಗೆ ಇನ್ವರ್ಟರ್ ಆಯ್ಕೆ

ರಾತ್ರಿ ವಿದ್ಯುತ್ ನಿಂತಾಗ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಬಿಚ್ಚಿ ತಂದು ಇನ್ವರ್ಟರಿಗೆ ಜೋಡಿಸುವುದುಂಟು. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಆದರೆ ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಆಗುವುದಿಲ್ಲ. ಅಷ್ಟರಲ್ಲಿ ಬಿತ್ತನೆಯ ಹದ ಆರುತ್ತದೆ. ವಾಹನದ ಬ್ಯಾಟರಿ ಎಂಜಿನ್ ಚಾಲನೆಗಾಗಿ ಕ್ಷಣಕಾಲ ಹೆಚ್ಚು ಕರೆಂಟು ಕೊಡಲು ತಯಾರಾದದ್ದು. ಗಂಟೆಗಟ್ಟಲೆ ಬಳಸಿ ಪದೇ ಪದೇ ಬರಿದು ಮಾಡಿದರೆ ಅದು ಬೇಗ ಕೆಡುತ್ತದೆ. ಮನೆಬಳಕೆಗೆ ಟ್ಯೂಬ್ಯುಲರ್ ಬ್ಯಾಟರಿಯೇ ಸೂಕ್ತ.

ಮೊದಲು ಲೆಕ್ಕ, ಆಮೇಲೆ ಖರೀದಿ

ಏಕಕಾಲದಲ್ಲಿ ನಡೆಯಬೇಕಾದ ಉಪಕರಣಗಳ ವ್ಯಾಟ್‌ಗಳನ್ನು ಕೂಡಬೇಕು. ಉದಾಹರಣೆಗೆ:

9 ವ್ಯಾಟ್‌ನ 3 ಎಲ್.ಇ.ಡಿ. ಬಲ್ಬು – 27
75 ವ್ಯಾಟ್‌ನ 2 ಫ್ಯಾನು – 150
ಟಿ.ವಿ. – 50
ಮೊಬೈಲ್ ಚಾರ್ಜರುಗಳು – 20
ಒಟ್ಟು – 247 ವ್ಯಾಟ್

ಇನ್ವರ್ಟರಿನ ಮೇಲೆ ಬರೆದಿರುವುದು ವಿ.ಎ.; ವ್ಯಾಟ್ ಅಲ್ಲ. ಸಾಮಾನ್ಯ ಮನೆಬಳಕೆಯ ಇನ್ವರ್ಟರುಗಳಲ್ಲಿ ವಿ.ಎ.ಯನ್ನು 0.7ರಿಂದ ಗುಣಿಸಿದರೆ ಸುಮಾರು ವ್ಯಾಟ್ ದೊರೆಯುತ್ತದೆ. ಅಂದರೆ 600 ವಿ.ಎ. ಇನ್ವರ್ಟರ್ ಸುಮಾರು 420 ವ್ಯಾಟ್ ಹೊರಬಲ್ಲದು. ಮೇಲಿನ ಮನೆಗೆ ಇದು ಸಾಕು. ಆದರೆ 500 ವ್ಯಾಟಿನ ಮಿಕ್ಸಿಯನ್ನು ಇದು ತಾಳದು. ಫ್ರಿಜ್‌ನಂತಹ ಮೋಟಾರ್ ಉಪಕರಣಗಳು ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತವೆ ಎಂಬುದನ್ನೂ ಮರೆಯಬಾರದು.

ಎಷ್ಟು ಹೊತ್ತು ನಡೆಯುತ್ತದೆ?

ಇದನ್ನು ನಿರ್ಧರಿಸುವುದು ಬ್ಯಾಟರಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಬಾಳಿಕೆಗಾಗಿ ಅರ್ಧದಷ್ಟನ್ನೇ, ಅಂದರೆ 900ನ್ನು ಬಳಸುವುದು ಒಳ್ಳೆಯದು. ಇನ್ವರ್ಟರಿನಲ್ಲಿ ಆಗುವ ನಷ್ಟ ಕಳೆದರೆ ಸುಮಾರು 765 ಉಳಿಯುತ್ತದೆ. 247 ವ್ಯಾಟಿಗೆ ಇದು 3 ಗಂಟೆ ಬರುತ್ತದೆ. ಅದೇ ಮನೆಯಲ್ಲಿ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿದರೆ ಒಟ್ಟು ಭಾರ 157 ವ್ಯಾಟಿಗೆ ಇಳಿದು, ಅದೇ ಬ್ಯಾಟರಿ ಸುಮಾರು 5 ಗಂಟೆ ನಡೆಸುತ್ತದೆ. ಆದ್ದರಿಂದ ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಭಾರ ತಗ್ಗಿಸುವುದು ಜಾಣತನ.

ಯಾವ ಬಗೆ?

ಸ್ಕ್ವೇರ್ ವೇವ್ ಇನ್ವರ್ಟರಿನ ಬೆಲೆ ಕಡಿಮೆ. ಆದರೆ ಅದರಲ್ಲಿ ಫ್ಯಾನು ಗುಂಯ್‌ಗುಡುತ್ತದೆ, ಮೋಟಾರು ಬಿಸಿಯಾಗುತ್ತದೆ. ಫ್ಯಾನು, ಟಿ.ವಿ., ಫ್ರಿಜ್ ಇರುವಲ್ಲಿ ಸೈನ್ ವೇವ್ ಇನ್ವರ್ಟರನ್ನೇ ಆರಿಸಬೇಕು.

ಮುನ್ನೆಚ್ಚರಿಕೆಗಳು

1. ಬ್ಯಾಟರಿಯಿಂದ ಇನ್ವರ್ಟರಿಗೆ ದಪ್ಪನೆಯ, ಗಿಡ್ಡ ತಂತಿ ಬಳಸಬೇಕು. 12 ವೋಲ್ಟಿನಲ್ಲಿ 1,000 ವ್ಯಾಟ್ ಪಡೆಯಲು 80 ಆಂಪಿಯರಿಗೂ ಹೆಚ್ಚು ಕರೆಂಟು ಹರಿಯುತ್ತದೆ. ತೆಳು ತಂತಿ ಸುಡುತ್ತದೆ.
2. ಪಂಪ್‌ಸೆಟ್, ಇಸ್ತ್ರಿಪೆಟ್ಟಿಗೆ, ಹೀಟರುಗಳನ್ನು ಇನ್ವರ್ಟರಿನ ಲೈನಿಗೆ ಸೇರಿಸಬಾರದು.
3. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಗಾಳಿಯಾಡುವ ಜಾಗದಲ್ಲಿಡಬೇಕು, ಹತ್ತಿರ ಬೀಡಿ, ದೀಪ ಹಚ್ಚಬಾರದು.
4. ನೀರಿನ ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು; ಕೊಳವೆ ಬಾವಿಯ ನೀರು ಸಲ್ಲದು.
5. ವೈರಿಂಗನ್ನು ಅನುಭವಿ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಅಂಗಡಿಗೆ ಹೋಗುವ ಮುನ್ನ ವ್ಯಾಟ್ ಮತ್ತು ಗಂಟೆಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡ ರೈತರು ಅನಗತ್ಯ ಖರ್ಚಿನಿಂದ ಪಾರಾಗುತ್ತಾರೆ. ಟ್ರ್ಯಾಕ್ಟರಿನ ಬ್ಯಾಟರಿ ಟ್ರ್ಯಾಕ್ಟರಿನಲ್ಲೇ ಇರಲಿ.